ಪಟ್ಟಿಯಲ್ಲಿ ಎರಡಾದ ಸೀರೆ

ನಿಮ್ಮ ದೊಡ್ಡಕ್ಕ ಯೂನಿವರ್ಸಿಟಿಯಲ್ಲಿ ಫ್ಯಾಷನ್ ಓದುತ್ತಾಳಲ್ಲ, ಹೋದ ವರ್ಷ ರಜೆಗೆ ಬಂದು ಮೊಳಕಾಲ್ಮುರುವಿನಲ್ಲಿ ನನ್ನ ಜೊತೆ ನಾಲ್ಕು ದಿನ ಇದ್ದಳು. ನಿಮ್ಮ ತಾತ ಹೋದ ಮೇಲೆ ನಾನು ಊಟಕ್ಕೆ ಎರಡು ತಟ್ಟೆ ಇಟ್ಟದ್ದು ಆ ನಾಲ್ಕು ದಿನ ಮಾತ್ರ.

ಅವಳು ಬೆಳಗಿನಿಂದ ಲ್ಯಾಪ್‌ಟಾಪ್ ಮುಂದೆ ಕೂತಿರುತ್ತಿದ್ದಳು.

"ಏನಮ್ಮಾ ಅದು, ಒಂದೇ ಸಮ ನೋಡ್ತೀಯಾ?" ಎಂದೆ.

"ನಮ್ಮ ಲೈಬ್ರರಿ ಅಜ್ಜಿ. ಪಾಸ್‌ವರ್ಡ್ ಹಾಕಿದ್ರೆ ಎಲ್ಲಾ ಇದ್ರಾಗೇ ಐತೆ. ಹಳೇ ಕ್ಯಾಟಲಾಗು, ಪತ್ರಿಕೆ, ಜನ ಏನೇನು ಕೊಳ್ತಾರೆ ಅನ್ನೋ ವರದಿ."

"ನಮ್ಮ ಸೀರೆನೂ ಐತಾ?"

"ನಿನ್ನ ಸೀರೆನೇ ಹುಡುಕ್ತಿರೋದು. ಬಾ, ನೋಡು."

ಹಳೆಯ ಕ್ಯಾಟಲಾಗುಗಳ ಚಿತ್ರಗಳನ್ನು ಒಂದು ಕಡೆ, ಈಚಿನವನ್ನು ಇನ್ನೊಂದು ಕಡೆ ಪಟ್ಟಿ ಮಾಡಿ ಜೋಡಿಸಿದ್ದಳು. ಮೊದಲು ಹೆಂಗಸರು ಹಸಿರು ಸೀರೆ ಕೇಳುತ್ತಿದ್ದರು, ಈಗ ಅವರ ಮನಸ್ಸು ನೀಲಿಯ ಕಡೆ ತಿರುಗಿದೆ ಎಂದು ಬರೆದಿದ್ದಳು. ಅವಳ ಪ್ರಬಂಧವೆಲ್ಲ ಆ ಮಾತಿನ ಮೇಲೆಯೇ ನಿಂತಿತ್ತು.

ನಾನು ನೋಡಿದೆ. ಎರಡು ಕಡೆಯ ಚಿತ್ರಗಳಲ್ಲೂ ಇದ್ದದ್ದು ನವಿಲುಗತ್ತಿನ ಬಣ್ಣದ ಸೀರೆ. ಉದ್ದಕ್ಕೆ ಹೋಗುವ ಹಾಸಿನ ಎಳೆ ನೀಲಿ, ಅಡ್ಡಕ್ಕೆ ಹೋಗುವ ಹೊಕ್ಕಿನ ಎಳೆ ಹಸಿರು. ಬೆಳಕು ಒಂದು ಕಡೆಯಿಂದ ಬಿದ್ದರೆ ಹಸಿರು ಕಾಣುತ್ತದೆ, ತಿರುಗಿಸಿ ಹಿಡಿದರೆ ನೀಲಿ. ಆ ಹಸಿರು ನೂಲನ್ನು ಎಷ್ಟೋ ವರ್ಷ ಲಾಳಿಯ ಕಂಡಿಕೆಗೆ ಸುತ್ತಿ ನಿಮ್ಮ ತಾತನ ಮಗ್ಗಕ್ಕೆ ಕೊಟ್ಟವಳು ನಾನು. ಅವಳು ಎರಡು ಮಾಡಿದ್ದು ಒಂದೇ ಸೀರೆಯನ್ನು.

ಹೇಳಲಿಲ್ಲ. ನಾನು ಹಳ್ಳಿ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದವಳು. ಸೀರೆ ಕೊಳ್ಳುವವರು ಮನೆಗೆ ಬಂದರೆ ಮಾತೆಲ್ಲ ತಾತನದೇ, ನಾನು ಒಳಗಿರುತ್ತಿದ್ದೆ. ಹೇಳಿದರೆ ಅವಳ ಇಷ್ಟು ದಿನದ ಕೆಲಸ ಕೆಡುತ್ತದೆ, ಬೇಸರ ಮಾಡಿಕೊಂಡು ಬೇಗ ಹೊರಟುಬಿಡುತ್ತಾಳೆ ಎಂಬ ಹೆದರಿಕೆಯೂ ಇತ್ತು.

ಅವಳು ಹೊರಟ ದಿನ ಚಳ್ಳಕೆರೆಯವರೆಗೆ ಕಳಿಸಿಬರಲು ಹೋದೆ. ದಾರಿಯುದ್ದಕ್ಕೂ ಪಕ್ಕದಲ್ಲೇ ಕೂತಿದ್ದಳು. ಈ ಊರು ದಾಟಲಿ, ಆ ಊರು ದಾಟಲಿ, ಆಮೇಲೆ ಹೇಳೋಣ ಎಂದುಕೊಳ್ಳುತ್ತಲೇ ಬಸ್‌ಸ್ಟ್ಯಾಂಡು ಬಂತು. ಅವಳು ಇನ್ನೊಂದು ಬಸ್ಸು ಹತ್ತಿ ಕಿಟಕಿ ಪಕ್ಕ ಕೂತ ಮೇಲೆ ಕೆಳಗಿನಿಂದ ಹೇಳಿದೆ: "ಅವು ಎರಡಲ್ಲಮ್ಮ. ಒಂದೇ ಸೀರೆ. ಹಾಸು ನೀಲಿ, ಹೊಕ್ಕು ಹಸಿರು."

ಅವಳ ಮುಖ ಸಣ್ಣದಾಯಿತು. "ಅಯ್ಯೋ ಅಜ್ಜಿ! ಪ್ರಬಂಧ ನಿನ್ನೆನೇ ಮೇಡಂಗೆ ಕಳಿಸ್ಬಿಟ್ಟೆನಲ್ಲ. ನಾಲ್ಕು ದಿನ ಬಾಯಾಗೆ ಏನು ಇಟ್ಕಂಡಿದ್ದೆ?"

"ಬಿಸಿ ಅವರೆಕಾಳು ಇರ್ಬೇಕು, ಬಿಡವ್ವ," ಎಂದು ಕಂಡಕ್ಟರ್ ಸೀಟಿ ಊದಿದ. ಬಸ್ಸು ಹೋಯಿತು.

ಹಿಂದಿರುಗುವ ಬಸ್ಸಿನಲ್ಲಿ ಪಕ್ಕದ ಸೀಟಿಗೆ ಯಾರೂ ಬರಲಿಲ್ಲ. ಅರ್ಧ ದಾರಿಯಲ್ಲಿ ಅವಳ ಫೋನು ಬಂತು.

"ಮೇಡಂಗೆ ಹೇಳಿದೀನಿ, ತಿದ್ದಿ ಕೊಡ್ತೀನಿ ಅಂತ. ಬೈದ್ರು, ಆಮೇಲೆ ವಾರ ಟೈಮ್ ಕೊಟ್ರು. ಅಜ್ಜಿ, ಇನ್ನೇನಾದ್ರೂ ನೋಡಿ ಸುಮ್ನಿದ್ದೀಯಾ? ಹೇಳ್ಬಿಡು."

ಸುತ್ತ ಜನರಿದ್ದರು. "ಮನೆಗೆ ಹೋಗಿ ಹೇಳ್ತೀನಿ," ಎಂದೆ. ಮನೆಗೆ ಬಂದು, ದೀಪ ಹಾಕಿ, ಫೋನು ಕೈಯಲ್ಲಿ ಹಿಡಿದುಕೊಂಡೆ. ಓದುತ್ತಿರುತ್ತಾಳೇನೋ ಎನ್ನಿಸಿತು. ಕೆಳಗಿಟ್ಟೆ. ಕೊನೆಗೆ ನೋಟ್‌ಬುಕ್ಕಿನ ಹಾಳೆ ತೆಗೆದು ಬರೆದೆ: ಮೂರನೆಯ ಚಿತ್ರದಲ್ಲಿ ಸೀರೆಯ ಒಳಮೈ ಮೇಲೆ ಮಾಡಿ ಹಾಸಿದ್ದಾರೆ, ಅದನ್ನೂ ನೋಡು.

ಬೆಳಿಗ್ಗೆ ಅಂಚೆಗೆ ಹಾಕಿದೆ.