ಮಂಜಿನಲ್ಲಿ ಆರಿದ ಹಿಂದಿನ ದೀಪ

ನಮ್ಮೂರು ಮುಳಬಾಗಿಲಿನ ಆಚೆ, ಆಂಧ್ರದ ಗಡಿಗೆ ಹತ್ತಿರ. ಟೊಮೆಟೊ ಕೊಯ್ದರೆ ಮರುದಿನ ಹೊತ್ತೇರುವ ಮೊದಲೇ ಅದು ಕೋಲಾರದ ಮಾರುಕಟ್ಟೆಯಲ್ಲಿರಬೇಕು. ಆ ಚಳಿಗಾಲದ ಬೆಳಿಗ್ಗೆ ಬರಬೇಕಾಗಿದ್ದ ಬಾಡಿಗೆ ಗಾಡಿ ಕೈಕೊಟ್ಟಿತು. ನನ್ನ ಗಂಡ ಮಾಲೂರಿನ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮುಗಿಸಿ ಇನ್ನೂ ಬಂದಿರಲಿಲ್ಲ. ಮಾವನವರು ಮೂವತ್ತು ವರ್ಷ ಟ್ರ್ಯಾಕ್ಟರ್ ಓಡಿಸಿದವರೇ, ಆದರೆ ಕಣ್ಣಿಗೆ ಪೊರೆ ಬರತೊಡಗಿದ ಮೇಲೆ ಸ್ಟೇರಿಂಗ್ ಮುಟ್ಟುವುದನ್ನು ಬಿಟ್ಟಿದ್ದರು. ಹಾಗಾಗಿ ಟೊಮೆಟೊ ಕ್ರೇಟುಗಳನ್ನು ಟ್ರೈಲರಿಗೆ ಪೇರಿಸಿ, ಟ್ರ್ಯಾಕ್ಟರನ್ನು ನಾನೇ ಹತ್ತಿದೆ. ಲೈಸೆನ್ಸ್ ಇತ್ತು, ಹೊಲದಲ್ಲಿ ಅಭ್ಯಾಸವೂ ಇತ್ತು. ಹೈವೇಯಲ್ಲಿ ಲೋಡು ಎಳೆದದ್ದು ಮಾತ್ರ ಅದೇ ಮೊದಲು. ಮಾವ ಪಕ್ಕದ ಮಡ್‌ಗಾರ್ಡಿನ ಮೇಲೆ ಕಂಬಳಿ ಹೊದ್ದು ಕುಳಿತರು.

ಮುಳಬಾಗಿಲು ದಾಟುತ್ತಿದ್ದಂತೆ ಮಂಜು ಇಳಿಯಿತು. ಟ್ರ್ಯಾಕ್ಟರಿನ ಮೂತಿಯಿಂದಾಚೆ ಹತ್ತು ಮಾರು ಕಂಡರೆ ಹೆಚ್ಚು. ಎಡಕ್ಕೆ ಒತ್ತಿಕೊಂಡು ನಿಧಾನವಾಗಿ ಹೋಗುತ್ತಿದ್ದೆ. ಇದ್ದಕ್ಕಿದ್ದಂತೆ ಬೆನ್ನ ಹಿಂದೆಯೇ ಲಾರಿಯೊಂದು ಹಾರನ್ ಒತ್ತಿ, ಟೈರು ಕಿರುಚಿಸಿ, ನಮ್ಮ ಬಲಕ್ಕೆ ಹೊರಳಿಕೊಂಡು ಮುಂದೆ ಹೋಯಿತು. ಅದರ ಗಾಳಿಗೆ ನನ್ನ ಸೆರಗು ಮುಖಕ್ಕೆ ಬಡಿಯಿತು. ಕ್ಲೀನರ್ ಕಿಟಕಿಯಿಂದ ತಲೆ ಹೊರಹಾಕಿ, "ಹಿಂದೆ ಲೈಟೇ ಇಲ್ವಲ್ರೀ, ಸಾಯ್ತೀರಾ?" ಎಂದು ಕೂಗಿದ್ದು ಕೇಳಿಸಿತು.

ರಸ್ತೆಯಂಚಿನ ಮಣ್ಣಿಗೆ ಎಡಗಡೆಯ ಚಕ್ರಗಳನ್ನಿಳಿಸಿ ನಿಲ್ಲಿಸಿದೆ. ಆಚೆ ಆಳವಾದ ಚರಂಡಿ ಇದ್ದುದರಿಂದ ಟ್ರೈಲರಿನ ಅರ್ಧ ಭಾಗ ರಸ್ತೆಯ ಮೇಲೆಯೇ ಉಳಿಯಿತು. ಮಾವ ಹೊಂಗೆಯ ಕೊಂಬೆ ಮುರಿದು, ಹಿಂದಕ್ಕೆ ನಡೆದುಹೋಗಿ ರಸ್ತೆಗೆ ಅಡ್ಡ ಹಾಕಿ ಬಂದರು. ಒಬ್ಬರು ಅಲ್ಲಿ ನಿಂತು ಬರುವ ಗಾಡಿಗಳಿಗೆ ಟಾರ್ಚ್ ತೋರಿಸಬೇಕು, ಹಿಂದಿನ ದೀಪ ಹತ್ತುತ್ತದೆಯೇ ಎಂದು ನೋಡಲು ಒಬ್ಬರು ಸೀಟಿನಲ್ಲಿ ಕುಳಿತು ಬ್ರೇಕ್ ಒತ್ತಬೇಕು, ಇನ್ನೊಬ್ಬರು ವೈರು ನೋಡಬೇಕು. ನಾವಿದ್ದದ್ದು ಇಬ್ಬರೇ.

"ನೀನು ಬ್ರೇಕ್ ಒತ್ಕೊಂಡು ಕೂತ್ಕೊಳಮ್ಮ," ಎಂದರು ಮಾವ. "ನಾನು ಹೇಳೋವರ್ಗೂ ಕಾಲೆತ್ಬೇಡ."

"ಹಿಂದಿಂದ ಏನಾದ್ರೂ ಬಂದ್ರೆ, ಮಾವ?"

"ಸದ್ದು ಕೇಳಿಸ್ತದೆ ಬಿಡು."

ಎಂಜಿನ್ ಆಫ್ ಮಾಡಿ, ಕೀ ಮಾತ್ರ ಆನ್ ಇಟ್ಟು ಕುಳಿತೆ. ಬೆನ್ನು ಪೂರಾ ರಸ್ತೆಗೆ. ಕ್ರೇಟುಗಳು ನನಗಿಂತ ಎತ್ತರಕ್ಕಿದ್ದುದರಿಂದ ತಿರುಗಿದರೂ ಮಾವ ಕಾಣುತ್ತಿರಲಿಲ್ಲ, ದನಿ ಮಾತ್ರ ಬರುತ್ತಿತ್ತು. ಫ್ಯೂಸು ಸರಿಯಿತ್ತು. ಟ್ರ್ಯಾಕ್ಟರಿನಿಂದ ಟ್ರೈಲರಿಗೆ ಹೋಗುವ ಪ್ಲಗ್ಗನ್ನು ಕಿತ್ತು, ಒರೆಸಿ, ಮತ್ತೆ ಸಿಕ್ಕಿಸಿದರು. ಬಲ್ಬೂ ಸುಟ್ಟಿರಲಿಲ್ಲ.

"ಇಂಡಿಕೇಟರ್ ಹಾಕು," ಎಂದರು. ಹಾಕಿದೆ. "ಇದೇನಿದು, ಇಂಡಿಕೇಟರ್ ಹಾಕಿದ್ರೆ ಬ್ರೇಕ್ ಲೈಟು ಮಿಣಿಮಿಣಿ ಅಂತೈತೆ. ಅರ್ತ್ ಸಿಕ್ತಿಲ್ಲ ಕಣಮ್ಮ." ಕರೆಂಟು ಬಲ್ಬಿನವರೆಗೆ ಬಂದರೂ ವಾಪಸ್ ಹೋಗಲು ದಾರಿಯಿಲ್ಲದೆ ಸಿಕ್ಕಸಿಕ್ಕ ಕಡೆ ನುಗ್ಗುತ್ತಿದೆ ಎಂದು ಅದರ ಅರ್ಥ.

ಆಮೇಲೆ ದನಿ ನಿಂತಿತು. ಬ್ರೇಕ್ ಒತ್ತಿದ ಕಾಲು ಮರಗಟ್ಟತೊಡಗಿತು. ಮಂಜಿನೊಳಗೆ ಎಲ್ಲೋ ಗುಂಯ್ ಎನ್ನುವ ಸದ್ದು ಹುಟ್ಟಿ, ನೋಡನೋಡುತ್ತ ದೊಡ್ಡದಾಯಿತು. ದೀರ್ಘವಾದ ಹಾರನ್ ಕೇಳಿಸಿತು. ಹಿಂದೆಯೇ ಪಟಪಟ ಏನೋ ಮುರಿದ ಶಬ್ದವಾಗಿ, ಇಡೀ ಟ್ರೈಲರ್ ಅದುರಿತು. ಲಾರಿಯೊಂದು ಪಕ್ಕದಲ್ಲೇ ಹಾದು ಮಂಜಿನಲ್ಲಿ ಕರಗಿತು.

"ಮಾವ?"

ಕತ್ತು ಹಿಂದಕ್ಕೆ ಹೊರಳಿಸಿ ಮತ್ತೆ ಕೂಗಿದೆ.

"ಮಾವ, ಇದ್ದೀರಾ?"

ಕಾಲೆತ್ತಬೇಡ ಎಂದಿದ್ದರು. ಎತ್ತಲು ಆಗುತ್ತಲೂ ಇರಲಿಲ್ಲ. ಇಳಿದು ಹೋದರೆ ನೋಡಬೇಕಾಗುತ್ತದೆ, ಇಲ್ಲೇ ಇದ್ದರೆ ನೋಡಬೇಕಾಗಿಲ್ಲ ಎಂಬ ಯೋಚನೆ ಬಂದದ್ದು ನಿಜ. ಹೇಳಿಕೊಳ್ಳಲು ಈಗಲೂ ನಾಚಿಕೆಯಾಗುತ್ತದೆ. ಅತ್ತೆಗೆ ಏನು ಹೇಳಲಿ ಎಂದು ಮನಸ್ಸು ಆಗಲೇ ಮಾತು ಹುಡುಕುತ್ತಿತ್ತು. ಅದು ಗೊತ್ತಾದ ಕೂಡಲೇ ನನ್ನ ಮೇಲೆ ನನಗೇ ಹೇಸಿಗೆಯಾಗಿ ಧುಮುಕಿ ಹಿಂದಕ್ಕೆ ಓಡಿದೆ.

ಹೊಂಗೆಯ ಕೊಂಬೆ ಜಜ್ಜಿಹೋಗಿ ಎಲೆಗಳು ರಸ್ತೆಗೆ ಅಂಟಿದ್ದವು. ಟ್ರೈಲರಿನ ಕೆಳಗಿಂದ ಎರಡು ಪಾದಗಳು ಹೊರಚಾಚಿದ್ದವು. ಬಗ್ಗಿ ಹಿಡಿಯಲು ಕೈ ಚಾಚಿದೆ. ಅಷ್ಟರಲ್ಲಿ ಒಂದು ಪಾದ ಅಲುಗಿತು.

"ಉಂಡಮ್ಮಾ, ಉಂಡು," ಎಂದರು ಮಾವ ಒಳಗಿನಿಂದ. ಗಾಬರಿಯಾದರೆ 'ಇರು' ಎನ್ನುವುದೂ ಅವರ ಬಾಯಲ್ಲಿ ತೆಲುಗಾಗುತ್ತದೆ. "ಯಾಕೆ ಕಾಲೆತ್ದೆ? ಅರ್ತ್ ವೈರಿನ ಬೋಲ್ಟು ಸಿಕ್ತು ಇಲ್ಲಿ. ಅದರ ಬುಡಕ್ಕೆಲ್ಲ ಯಾರೋ ಬಣ್ಣ ಹೊಡ್ದವ್ರೆ. ಕಬ್ಬಿಣಕ್ಕೆ ವೈರು ತಾಕ್ತಾನೇ ಇಲ್ಲ."

ಕಣ್ಣಿಗೆ ಕಾಣದ್ದನ್ನು ಅವರು ಬೆರಳಿನಲ್ಲಿ ಸವರಿ ಕಂಡುಕೊಂಡಿದ್ದರು. ಹಿಂದಿನ ವಾರ ತುಕ್ಕು ಕೆರೆದು, ವೈರು ಬಿಚ್ಚಿ, ಬಣ್ಣ ಹೊಡೆದು, ಆ ಬಣ್ಣದ ಮೇಲೆಯೇ ವೈರನ್ನು ಬಿಗಿದವಳು ನಾನೇ.

"ನಾನೇ ಮಾವ, ಹೊಡ್ದಿದ್ದು."

ಅವರು ಟ್ರೈಲರಿನ ಕೆಳಗಿಂದ ಕೈ ಚಾಚಿದರು. "ಚಾಕು ಕೊಡು," ಎಂದರು. ನಾನು ರಸ್ತೆಯಲ್ಲಿ ನಿಂತು ಮೊಬೈಲ್ ಟಾರ್ಚನ್ನು ಮಂಜಿನತ್ತ ಬೀಸುತ್ತಿದ್ದೆ, ಅವರು ಬಣ್ಣ ಕೆರೆದು ವೈರು ಬಿಗಿದರು. ಸೀಟಿಗೆ ಹತ್ತಿ ಸ್ವಿಚ್ ಹಾಕಿದಾಗ ಹಿಂದಿನ ಮಂಜು ಕೆಂಪಾಯಿತು. ಮುರಿದ ಕೊಂಬೆಗಳನ್ನು ಬದಿಗೆಳೆದು ಹೊರಟೆವು.

ಹರಾಜು ಮುಗಿಯುವ ಹೊತ್ತಿಗೆ ಕೋಲಾರ ಮುಟ್ಟಿ, ಸಿಕ್ಕಿದ ಬೆಲೆಗೆ ಮಾರಿದೆವು. ಟೀ ಅಂಗಡಿಯ ಮುಂದೆ ಲೋಟ ಹಿಡಿದು ಕುಳಿತೆವು. ಮಾವ ತಮ್ಮ ಲೋಟ ಕೆಳಗಿಟ್ಟರು.

"ನೀನು ಕೂಗಿದ್ದು ಕೇಳಿಸ್ತು ನಂಗೆ," ಎಂದರು. "ಎರಡು ಸರ್ತಿನೂ ಕೇಳಿಸ್ತು. ಬಾಯೇ ಬರ್ಲಿಲ್ಲ ಕಣಮ್ಮ. ನನ್ನ ಕಾಲಿಂದ ಟೈರು ಇಷ್ಟು ದೂರದಲ್ಲಿ ಹೋಯ್ತು." ಅವರು ತೋರಿಸಿದ್ದು ಒಂದು ಗೇಣು. "ಮನೇಲಿ ಹೇಳ್ಬೇಡ."

ಬಿಸಿಲು ನೆತ್ತಿಗೆ ಬರುವವರೆಗೂ ಇಬ್ಬರೂ ಅಲ್ಲೇ ಕುಳಿತಿದ್ದೆವು. ಆಮೇಲೆ ಲೈಟೆಲ್ಲ ಹಾಕಿಕೊಂಡೇ ಊರಿಗೆ ಹೊರಟೆವು. ಎದುರಿಗೆ ಬಂದ ಬೈಕಿನವರು, ಬಸ್ಸಿನವರು, ಲೈಟ್ ಉರೀತಿದೆ ಎಂದು ಬೆರಳು ಬಿಚ್ಚಿ ಮುಚ್ಚಿ ಸನ್ನೆ ಮಾಡುತ್ತಿದ್ದರು. ಮಾವ ಪ್ರತಿಯೊಬ್ಬರಿಗೂ ತಲೆಯಾಡಿಸಿದರು. ನಾನು ಆರಿಸಲಿಲ್ಲ, ಅವರೂ ಆರಿಸು ಎನ್ನಲಿಲ್ಲ.