ಕೋಲು ಸುಮ್ಮನಾದಾಗ

ನನ್ನ ಕೋಲಿಗೆ ದಿನವೂ ಚಾರ್ಜ್ ಹಾಕಬೇಕು. ಹಾಕಿದೆನೋ ಇಲ್ಲವೋ ಎಂಬ ಅನುಮಾನದಲ್ಲಿ ಮಲಗುವ ಮುನ್ನ ಎರಡು ಮೂರು ಸಲ ಎದ್ದು ಹೋಗಿ ಪ್ಲಗ್ಗನ್ನು ಮುಟ್ಟಿ ಬರುತ್ತೇನೆ. ಹೆಂಡತಿ ನೀಲವ್ವ, “ಕೋಲಿನ ಹೊಟ್ಟಿ ತುಂಬೇತಿ, ನೀವರೆ ಮಲಕ್ಕೋರಿ” ಅನ್ನುತ್ತಾಳೆ. ಹಿಂದಿನ ಬಿಳಿಕೋಲು ಇಷ್ಟು ಉಪಚಾರ ಬೇಡುತ್ತಿರಲಿಲ್ಲ. ಮಡಚಿಟ್ಟರೆ ಬಾಗಿಲ ಹಿಂದೆ ಕೊಡೆಯ ಪಕ್ಕ ತೆಪ್ಪಗೆ ಬಿದ್ದಿರುತ್ತಿತ್ತು.

ನನಗೆ ಕಣ್ಣು ಕಾಣುವುದಿಲ್ಲ. ಆಂಟಾಪ್ ಹಿಲ್‌ನಲ್ಲಿ ಮನೆ, ವಿಲೆ ಪಾರ್ಲೆಯ ಒಂದು ಕಚೇರಿಯಲ್ಲಿ ಟೆಲಿಫೋನ್ ಆಪರೇಟರ್ ಕೆಲಸ, ನಡುವೆ ಲೋಕಲ್ ರೈಲು. ಹೊಸ ಕೋಲಿನ ಹಿಡಿಯಲ್ಲಿ ಒಂದು ಯಂತ್ರವಿದೆ. ಎದುರಿಗೆ ಮೊಣಕಾಲಿನಿಂದ ತಲೆಯ ಮಟ್ಟದವರೆಗೆ ಏನಾದರೂ ಅಡ್ಡ ಬಂದರೆ ಅದು ಅಂಗೈಯಲ್ಲಿ ನಡುಗುತ್ತದೆ. ದೂರವಿದ್ದರೆ ಮೆಲ್ಲಗೆ, ಹತ್ತಿರವಿದ್ದರೆ ಜೋರಾಗಿ. ಇದನ್ನು ಮಾಡಿದವರು ಕಂಬ, ಕೊಂಬೆ, ತೆರೆದಿಟ್ಟ ಕಿಟಕಿ ಇಂಥವನ್ನೆಲ್ಲ ಯೋಚಿಸಿರಬೇಕು. ಬೆಳಗಿನ ಹೊತ್ತಿನ ಮುಂಬಯಿ ಪ್ಲಾಟ್‌ಫಾರ್ಮನ್ನು ಯೋಚಿಸಿರಲಾರರು. ಇಲ್ಲಿ ಮುಂದೆ ಮನುಷ್ಯ, ಅವನ ಬೆನ್ನಿಗೆ ಬ್ಯಾಗು, ಬ್ಯಾಗಿನಾಚೆ ಇನ್ನೊಬ್ಬ ಮನುಷ್ಯ. ಕೋಲು ಒಂದೇ ಸಮನೆ ಎಲ್ಲರ ಮೇಲೂ ಚಾಡಿ ಹೇಳುತ್ತದೆ. ಗಾಡಿ ಹತ್ತುವಷ್ಟರಲ್ಲಿ ಮೊಣಕೈವರೆಗೆ ಜೋಮು ಹಿಡಿದಿರುತ್ತದೆ.

ಒಂದು ಕಾಲದಲ್ಲಿ ಕೋಲೆಂದರೆ ಅಳತೆ. ದಾನ ಕೊಟ್ಟ ಹೊಲವನ್ನು ಇಂಥ ಕೋಲಿನಿಂದ ಅಳೆದದ್ದು ಎಂದು ಹಳೆಯ ಶಾಸನಗಳಲ್ಲಿ ಬರೆದಿರುತ್ತಿದ್ದರಂತೆ. ಬಿಳಿಕೋಲೂ ಆ ಕುಲದ್ದೇ. ತುದಿಯನ್ನು ನೆಲಕ್ಕೆ ತಾಗಿಸಿ, ಇಷ್ಟು ನೆಲ ನನಗೆ ಉಂಟು ಎಂದು ಖಾತ್ರಿಮಾಡಿಕೊಂಡು, ಆಮೇಲೆ ಒಂದು ಹೆಜ್ಜೆ. ಹೊಸ ಕೋಲಿನ ಯಂತ್ರಕ್ಕೆ ನೆಲದ ಗೊಡವೆಯಿಲ್ಲ, ಅದರ ಧ್ಯಾನವೆಲ್ಲ ಗಾಳಿಯಲ್ಲಿ. ನೆಲವನ್ನು ನೋಡುವ ಕೆಲಸ ಈಗಲೂ ತುದಿಯದೇ. ಹೊಸ ಕೋಲು ಕೊಟ್ಟ ಸಂಸ್ಥೆಯವರು ಇದನ್ನು ಸರಿಯಾಗಿ ಹೇಳಿಯೇ ಕೊಟ್ಟಿದ್ದರು.

ಕೈಗೆ ಕೋಲಾದರೆ ಕಿವಿಗೆ ಆಪ್. ಫೋನಿನೊಳಗಿನ ಆ ಹೆಂಗಸು ಬಲಕ್ಕೆ ತಿರುಗಿ, ನೇರ ನಡೆಯಿರಿ ಎಂದು ದಾರಿ ಹೇಳುತ್ತಾಳೆ. ಅವಳ ದನಿಯಲ್ಲಿ ಅನುಮಾನವೆಂಬುದೇ ಇಲ್ಲ. ನಾನು ಎಲ್ಲಿದ್ದೇನೆಂದು ಕಾಲೇಜಿಗೆ ಹೋಗುವ ಮಗಳು ಸ್ನೇಹಾ ತನ್ನ ಫೋನಿನಲ್ಲಿ ನೋಡುತ್ತಿರುತ್ತಾಳೆ. ಅಲ್ಲಿ ನಾನೊಂದು ನೀಲಿ ಚುಕ್ಕೆ. ಒಮ್ಮೆ ಗಾಬರಿಯಿಂದ ಫೋನ್ ಮಾಡಿದಳು. “ಪಪ್ಪಾ, ತುಮ್ಹಾರಾ ಡಾಟ್ ಪಟರಿ ಮೇಲೆ ಇದೆ. ಸೈಡ್‌ಗೆ ಬಾ ನಾ.” ನಾನು ಆಗ ಬೆಂಚಿನ ಮೇಲೆ ಕೂತು ಚಹಾ ಕುಡಿಯುತ್ತಿದ್ದೆ. ಆಪ್‌ಗೆ ಪ್ಲಾಟ್‌ಫಾರ್ಮೂ ಪಟರಿಯೂ, ಅಂದರೆ ರೈಲಿನ ಹಳಿಯೂ, ಒಂದೇ ಎಂದು ಅವಳಿಗೆ ತಿಳಿಸಿ ಹೇಳಿದೆ. ಅಲ್ಲಿಂದ ಮುಂದೆ ಚುಕ್ಕೆ ಪಟರಿಯ ಮೇಲಿದ್ದರೂ ಅವಳು ಫೋನ್ ಮಾಡುತ್ತಿರಲಿಲ್ಲ.

ಹೋದ ತಿಂಗಳು ನಡೆದದ್ದನ್ನು ನಡೆದ ಕ್ರಮದಲ್ಲೇ ಹೇಳುತ್ತೇನೆ. ರೈಲಿನ ಅಂಗವಿಕಲರ ಡಬ್ಬಿ ನಿಲ್ಲುವ ಜಾಗದಲ್ಲಿ ಒಂದು ಯಂತ್ರ ಬೀಪ್ ಬೀಪ್ ಅನ್ನುತ್ತಿರುತ್ತದೆ. ಆ ಸದ್ದಿನತ್ತ ಹೊರಟಿದ್ದೆ. ಜನ ಬಹಳ ಇದ್ದರು. ಇಂಥ ಕಡೆ ಕೋಲನ್ನು ನೆಟ್ಟಗೆ ಎದೆಗೊತ್ತಿ ಹಿಡಿಯುವುದು ನಮ್ಮ ರೂಢಿ, ನಮ್ಮ ಕೋಲಿಗೆ ಯಾರೂ ಎಡವಬಾರದೆಂದು. ಅಷ್ಟರಲ್ಲಿ ಗಾಡಿ ಬೇರೆ ಪ್ಲಾಟ್‌ಫಾರ್ಮಿಗೆ ಬರುತ್ತದೆಂದು ಮೈಕಿನಲ್ಲಿ ಕೂಗಿದರು. ಎಲ್ಲರೂ ಸೇತುವೆಯ ಕಡೆ ಓಡಿದರು. ಓಡುವವರ ಭುಜಗಳು ತಾಗಿ ತಾಗಿ ನಾನು ಬುಗುರಿಯಂತೆ ತಿರುಗಿದೆ. ತಿರುಗಿದ್ದು ನನಗೆ ಗೊತ್ತಾಗಲಿಲ್ಲ. ಸದ್ದು ದೂರವಾಯಿತು. ಕೋಲು ಸುಮ್ಮನಾಯಿತು.

ಆ ಪ್ಲಾಟ್‌ಫಾರ್ಮಿನಲ್ಲಿ ಅದು ಸುಮ್ಮನಾದದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಅಂಗೈ ಹಗುರಾಯಿತು. ಮುಂಬಯಿ ನನ್ನೊಬ್ಬನಿಗಾಗಿ ದಾರಿ ಬಿಟ್ಟಿದೆ ಅನ್ನಿಸಿತು. ಕೋಲನ್ನು ಕೆಳಗಿಳಿಸಲಿಲ್ಲ. ಕಿವಿಯಲ್ಲಿ ಆ ಹೆಂಗಸು ನೇರ ನಡೆಯಿರಿ ಎಂದಳು. ಸಾಹುಕಾರನ ಹಾಗೆ ಇನ್ನೊಂದು ಕೈ ಬೀಸಿಕೊಂಡು ನಡೆದೆ.

ಹೊಟ್ಟೆಗೆ ಏನೋ ಅಡ್ಡ ಬಡಿಯಿತು. ಅದೇ ಕ್ಷಣ ನನ್ನ ಕೋಲು ಎಚ್ಚೆತ್ತು, ಎದುರಿಗೆ ಅಡ್ಡಿಯಿದೆ ಎಂದು ಝುಮ್ಮನೆ ನಡುಗಿತು. ಆ ಅಡ್ಡಿ ಶೆಟ್ಟರ ಊರುಗೋಲು. ಶೆಟ್ಟರು ಮಾಟುಂಗದ ಒಂದು ಹೋಟೆಲಿನ ಗಲ್ಲೆಯಲ್ಲಿ ಕೂರುವವರು, ನನ್ನ ಡಬ್ಬಿಯ ಜೊತೆಗಾರರು. ಪೋಲಿಯೊ ಕಾಲು, ಹಾಗಾಗಿ ಗಾಡಿ ಎಲ್ಲಿಗೆ ಬಂದರೂ ಅವರು ಓಡುವವರಲ್ಲ.

“ಎಂತ ಮಾರಾಯ್ರೆ,” ಎಂದರು, ಊರುಗೋಲನ್ನು ಇನ್ನೂ ಅಡ್ಡ ಹಿಡಿದೇ. “ಟ್ರೈನಿಗಿಂತ ಮೊದ್ಲು ನೀವೇ ಪಟರಿಗೆ ಇಳಿಯುದಾ?”

ಮುಂದಿನ ಗಾಡಿ ಆಮೇಲೆ ಬಂತು. ಎಷ್ಟು ಹೊತ್ತಿನ ಮೇಲೆ ಎಂದು ನಾನು ಅವರನ್ನು ಕೇಳಿಲ್ಲ. ನನಗೆ ತಿಳಿದದ್ದು ಇಷ್ಟೇ: ಬೆಳಗಿನ ಹೊತ್ತು ಈ ಊರಿನಲ್ಲಿ ಯಾವ ಅಡ್ಡಿಯೂ ಇಲ್ಲದ ಜಾಗ ಒಂದೇ, ಅದು ಪಟರಿ.

ಮನೆಯಲ್ಲಿ ಹೇಳಿದೆ.  “ನಾಳಿಂದ ನಾ ಬರ್ತೀನಿ” ಎಂದಳು ನೀಲವ್ವ.

“ರೊಟ್ಟಿ?”

“ರೊಟ್ಟಿ ಹಾಳಾಗಿ ಹೋಗ್ಲಿ.”

ಅವಳು ಬೆಳಿಗ್ಗೆ ಜೋಳದ ರೊಟ್ಟಿ ಬಡಿದು, ಕಟ್ಟಡ ಕೆಲಸಕ್ಕೆ ಬಂದ ನಮ್ಮ ವಿಜಯಪುರದ ಕಡೆಯ ಹುಡುಗರಿಗೆ ಕಟ್ಟಿಕೊಡುತ್ತಾಳೆ. ಒಂದು ವಾರ ಆ ಹುಡುಗರು ವಡಾಪಾವ್ ತಿಂದರು, ನಾನು ಸಾಮಾನಾದೆ. ಕುರುಡನನ್ನು ಕರೆದೊಯ್ಯುವ ಕ್ರಮವೆಂದರೆ ನಾನು ಅವಳ ಮೊಣಕೈ ಹಿಡಿಯುವುದು. ಮದುವೆಯಾದಾಗಿನಿಂದ ಹೇಳುತ್ತಿದ್ದೇನೆ. ಅವಳು ನನ್ನ ರಟ್ಟೆ ಹಿಡಿದು ಎಳೆಯುತ್ತಾಳೆ, ಸಂತೆಯಲ್ಲಿ ಆಡು ಕೊಂಡವರ ಹಾಗೆ. ಡಬ್ಬಿಯಲ್ಲಿ ಯಾರೋ, “ಭಾಭೀ, ಇನ್ಕೋ ಕಹಾಂ ಉತಾರ್ನಾ ಹೈ?” ಎಂದರು; ನನ್ನನ್ನು ಎಲ್ಲಿ ಇಳಿಸಬೇಕೆಂದು ಅವಳನ್ನು ಕೇಳಿದ್ದು. ನಾನು ಪಕ್ಕದಲ್ಲೇ ಇದ್ದೆ. ಇಷ್ಟು ವರ್ಷ ಆ ಡಬ್ಬಿಯಲ್ಲಿ ಮುಂದಿನ ಸ್ಟೇಷನ್ ಯಾವುದೆಂದು ಬೇರೆಯವರಿಗೆ ಹೇಳುತ್ತಿದ್ದವನು ನಾನು. ವಾರ ಮುಗಿಯುವುದರೊಳಗೆ ಮನೆಯಲ್ಲಿ ನೀರಿನ ಲೋಟಕ್ಕೂ ಅವಳನ್ನು ಕರೆಯತೊಡಗಿದ್ದೆ. ಪಟರಿಗಿಂತ ಇದು ಹೆಚ್ಚು ಹೆದರಿಸಿತು. ಹೀಗೇ ನಡೆದರೆ ನಾನು ಇನ್ನೆಲ್ಲಿಗೂ ಒಬ್ಬನೇ ಹೋಗಲಾರೆ ಎಂಬುದು ಖಚಿತವಾಗಿತ್ತು.

ಸೋಮವಾರ ಒಬ್ಬನೇ ಹೊರಟೆ. ಕಿವಿಯ ಹೆಂಗಸಿನ ಬಾಯನ್ನು ಸ್ಟೇಷನ್ನಿನ ಬಾಗಿಲಲ್ಲೇ ಮುಚ್ಚಿಸಿದೆ. ಪ್ಲಾಟ್‌ಫಾರ್ಮಿನ ಮಧ್ಯದಲ್ಲಿ ಎಲ್ಲೋ ಜನ ತೆಳುವಾಗಿ ಕೋಲು ಸುಮ್ಮನಾಯಿತು. ಕಾಲು ಅಲ್ಲೇ ನಿಂತವು. ಒಂದು ಗಾಡಿ ಬಂದು ಹೋಯಿತು. ಇನ್ನೊಂದೂ ಹೋಯಿತು. ಹಿಂದಿನಿಂದ “ಚಲೋ ಅಂಕಲ್, ಚಲೋ” ಎಂದು ತಳ್ಳಿದರು. ಬೆರಳು ಫೋನಿನಲ್ಲಿ ನೀಲವ್ವನ ನಂಬರನ್ನು ಹುಡುಕಿ ಇಟ್ಟುಕೊಂಡಿತ್ತು; ಒತ್ತುವುದೊಂದು ಬಾಕಿ.

“ಇವತ್ತು ಎಂತ, ಪ್ಲಾಟ್‌ಫಾರ್ಮಿನ ಕಂಬ ಆಗಿದ್ದೀರಾ?” ಶೆಟ್ಟರ ದನಿ ಬಲಗಡೆಯಿಂದ ಬಂತು. ಹತ್ತಿರ ಬಂದು ಮೆಲ್ಲಗೆ, “ಕೈ ಹಿಡಿಯಬೇಕಾ?” ಎಂದರು.

“ಬೇಡ. ನೀವು ಸುಮ್ಮನೆ ಮಾತಾಡ್ತಾ ನಡೀರಿ.”

ಇಂಥ ಸಹಾಯ ಕೇಳಿದರೆ ಶೆಟ್ಟರು ಕೈ ಕಟ್ಟಿ ನಿಲ್ಲುವವರಲ್ಲ. ಹೊಸ ಸಪ್ಲಾಯರ್ ಸಾಂಬಾರನ್ನು ಗಿರಾಕಿಯ ತೊಡೆಗೆ ಬಡಿಸಿದ ಕಥೆ ತೆಗೆದರು. ಆ ಕಥೆಯ ಹಿಂದೆ ನಾನು ಹೊರಟೆ. ಜನ ಬೈದರೆ ಬೈಯಲಿ ಎಂದು ಕೋಲಿನ ತುದಿಯನ್ನು ನೆಲಕ್ಕಿಳಿಸಿದೆ. ನುಣ್ಣನೆ ನೆಲ, ನುಣ್ಣನೆ ನೆಲ, ಉಬ್ಬು ಚುಕ್ಕೆಗಳ ಪಟ್ಟಿ, ಆಮೇಲೆ ಅಂಚು. ಅಂಚನ್ನು ಇನ್ನೊಮ್ಮೆ ತಟ್ಟಿದೆ. ಅಲ್ಲೇ ಇತ್ತು. ಒಂದು ಹೆಜ್ಜೆ ಹಿಂದೆ ಸರಿದು ನಿಂತೆ. ಗಾಡಿ ಬಂತು, ಬಾಗಿಲಿನ ತಣ್ಣನೆಯ ಸ್ಟೀಲ್ ಕಂಬ ನನ್ನ ಕೈಗೇ ಸಿಕ್ಕಿತು.

ಹೆದರಿಕೆ ಹೋಗಿದೆ ಎಂದರೆ ಸುಳ್ಳಾದೀತು. ಅಂಚನ್ನು ಈಗಲೂ ಎರಡು ಸಲ ತಟ್ಟಿಯೇ ನಿಲ್ಲುತ್ತೇನೆ. ಆ ಸೋಮವಾರದ ಮರುದಿನ ಬೆಳಿಗ್ಗೆ ಚಪ್ಪಲಿ ಮೆಟ್ಟುವಾಗ ರೊಟ್ಟಿ ಬಡಿಯುವ ಸದ್ದು ನಿಂತಿತು.

“ನಾ ಬರ್ಲೇನ್ರಿ?”

“ಐತವಾರ ಬಾ. ಮಾಟುಂಗಾಕ್ಕ ಹೋಗಿ ದ್ವಾಸಿ ತಿಂದು ಬರೂಣು.”

“ಆವಾಗ ಕೈ ಹಿಡೀಬೇಕೋ, ಬ್ಯಾಡೋ?”

“ಹಿಡಿ. ಐತವಾರ ಎಲ್ಲಿ ಇಳೀಬೇಕು ಅನ್ನೂದನ್ನೂ ನೀನ ಹೇಳು.”

ಅವಳು ನಕ್ಕಳೋ ಏನೋ, ಕೇಳಿಸಲಿಲ್ಲ. ರೊಟ್ಟಿ ಬಡಿಯುವ ಸದ್ದು ಮತ್ತೆ ಶುರುವಾಯಿತು. ನಾನು ಮೆಟ್ಟಿಲು ಇಳಿದೆ.