ಬ್ಯಾಕ್‌ವರ್ಡ್‌ಗೊಂದು ಎಸ್

ಎಪ್ಪತ್ತರ ದಶಕದ ಕೊನೆಯಲ್ಲಿ ನಾವು ಬಾಗಲಗುಂಟೆಯಲ್ಲಿದ್ದೆವು. ಅಣ್ಣ ಪೀಣ್ಯದ ಒಂದು ಸರ್ಕಾರಿ ಕಾರ್ಖಾನೆಯಲ್ಲಿ ಶೇಪಿಂಗ್ ಮೆಷಿನ್ ನಡೆಸುತ್ತಿದ್ದ. ಅದರ ಉಳಿ ಮುಂದಕ್ಕೆ ಹೋಗುವಾಗ ಕಬ್ಬಿಣ ಹೆರೆಯುತ್ತದೆ, ಹಿಂದಕ್ಕೆ ಬರುವಾಗ ಸುಮ್ಮನೆ ಬರುತ್ತದೆ. ಅಣ್ಣ ಟೆಂಪರರಿ. ಪರ್ಮನೆಂಟ್ ಆಗಲು ಇಂಟರ್‌ವ್ಯೂ ದಾಟಬೇಕಿತ್ತು, ಅದೂ ಇಂಗ್ಲಿಷಿನಲ್ಲಿ. ಎಂ.ಎ. ಮುಗಿಸಿ ಕೆಲಸವಿಲ್ಲದೆ ಕೂತಿದ್ದ ನಾನೇ ಮೇಷ್ಟ್ರು.

"ಬ್ಯಾಕ್‌ವರ್ಡು, ಬ್ಯಾಕ್‌ವರ್ಡ್ಸು, ಎರಡೂ ಒಂದೇ ಅಲ್ವೇನೋ?" ಎಂದ.

"ಅಲ್ಲ ಅಣ್ಣ. ಎಸ್ ಇಲ್ದಿದ್ರೆ ಹಿಂದುಳಿದ, ಇದ್ರೆ ಹಿಂದಕ್ಕೆ. ನಿನ್ನ ಮೆಷಿನ್ ಬರೋದು ಬ್ಯಾಕ್‌ವರ್ಡ್ಸ್. ನಾವು ಬ್ಯಾಕ್‌ವರ್ಡ್."

"ಒಂದು ಎಸ್ ಹಾಕ್ಕೊಂಡ್ರೆ ನಾವೂ ಓಡಾಡ್ಬೋದು ಅನ್ನು!"

ಇಂಟರ್‌ವ್ಯೂನಲ್ಲಿ ನಡೆದದ್ದು, ನನಗೆ ನೆನಪಿರುವಂತೆ, ಇಷ್ಟು. ಮೆಷಿನ್ ಬಗ್ಗೆ ಕೇಳಿದ್ದಕ್ಕೆಲ್ಲ ಅಣ್ಣ ಎಸ್ ಹಚ್ಚಿ ಸರಿಯಾಗಿಯೇ ಉತ್ತರಿಸಿದ. ಕೊನೆಗೆ ಸಾಹೇಬರು ಯಾವ ವರ್ಗ ಎಂದರು. ಅದೇ ರಭಸದಲ್ಲಿ "ಬ್ಯಾಕ್‌ವರ್ಡ್ಸ್ ಸಾರ್" ಎಂದುಬಿಟ್ಟ.

"ಹಂಗಾದ್ರೆ ಹಿಂದಕ್ಕೇ ನಡೀರಿ," ಎಂದು ಸಾಹೇಬರು ನಕ್ಕರು. ತಮಾಷೆಯೆಂದು ತಿಳಿಯದೆ ಅಣ್ಣ ಕೈಮುಗಿದು ಹೊರಗೆ ಬಂದ. ಕೆಲಸ ಕಾಯಂ ಆಗಲಿಲ್ಲ.

ಹಿಂದಕ್ಕೆ ಎನ್ನಲು ಎಸ್ ಬೇಕೇಬೇಕೆಂದಿಲ್ಲ, ಇಲ್ಲದೆಯೂ ನಡೆಯುತ್ತದೆ ಎಂದು ಆಮೇಲೆ ನಿಘಂಟಿನಲ್ಲಿ ಕಂಡೆ. ಹಿಂದುಳಿದವರಿಗೆ ಮಾತ್ರ ಎಸ್ ಹತ್ತುವುದೇ ಇಲ್ಲ.

ಎರಡು ಮೂರು ವರ್ಷಗಳಾಗಿರಬೇಕು, ಟೆಂಪರರಿಗಳನ್ನೆಲ್ಲ ಒಂದು ಬೆಳಿಗ್ಗೆ ಗೇಟಿನಿಂದಲೇ ವಾಪಸ್ ಕಳಿಸಿದರು. ಅಣ್ಣ ಊಟದ ಡಬ್ಬಿಯನ್ನು ತೆರೆಯದೆಯೇ ಮನೆಗೆ ತಂದ.

"ಅವತ್ತು ಆ ಎಸ್ ಒಂದು ಬಾಯಿಗೆ ಬರ್ದೇ ಇದ್ದಿದ್ರೆ..." ಎಂದೆ.

"ಯಾವ ಎಸ್ಸೋ?"

ಇಂಟರ್‌ವ್ಯೂ ಕಥೆ ನೆನಪಿಸಿದೆ. ಅವನು ನನ್ನನ್ನೇ ನೋಡಿದ.

"ನನ್ನ ಒಳಕ್ಕೇ ಕರೀಲಿಲ್ಲ ಕಣೋ. ಸಂಜೆ ತನಕ ಬೆಂಚ್ ಮೇಲೆ ಕೂರ್ಸಿ, ಆಯ್ತು ಹೋಗ್ರಿ ಅಂದ್ರು. ಅದು ಯಾರೋ ಕ್ಯಾಂಟೀನಲ್ಲಿ ಕಟ್ಟಿದ ಜೋಕು."

ಆದರೆ ನನಗೆ ಅದು ಅವನ ದನಿಯಲ್ಲೇ ನೆನಪಿದೆ; ಅವನು ಹೇಳುವಾಗ ಅಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕದ್ದೂ ನೆನಪಿದೆ. ಅವನೇ ಕಟ್ಟಿ ಹೇಳಿ ಮರೆತನೋ, ನಾನು ಕಟ್ಟಿಕೊಂಡೆನೋ. ಬಾಯಿ ತಪ್ಪಿದ್ದರೆ ಮುಂದಿನ ಸಲಕ್ಕೆ ತಿದ್ದಬಹುದಿತ್ತು. ಅವರು ಕೇಳದೇ ಬಿಟ್ಟ ಪ್ರಶ್ನೆಗೆ ನಾನು ಏನು ಉತ್ತರ ಕಲಿಸಲಿ?

ಅಣ್ಣ ಡಬ್ಬಿ ಬಿಚ್ಚಿ ಉಂಡ. ಲಗ್ಗೆರೆಯ ಸಣ್ಣ ವರ್ಕ್‌ಶಾಪ್ ಶೆಡ್ಡುಗಳಲ್ಲಿ ಕೆಲಸ ಕೇಳುತ್ತೇನೆಂದು ಎದ್ದ. ಅಲ್ಲಿ ಇಂಗ್ಲಿಷ್ ಕೇಳುವುದಿಲ್ಲ. ಪರ್ಮನೆಂಟ್ ಎಂಬುದೂ ಇಲ್ಲ.